ದೊಡ್ಡವ್ವನ ದನಿ ಏರಿಸಲು ಹೋಗಿ

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ, ಹಿಂದಿನ ಸೀಟಿನ ಮಹಾಶಯ ತನ್ನ ಮೊಬೈಲಿನಲ್ಲಿ ನೋಡುವ ಹಾಸ್ಯದ ತುಣುಕು ನನ್ನ ಕಿವಿಯೊಳಗೇ ನಡೆಯುತ್ತದೆ. ತಪ್ಪಿಸಿಕೊಂಡು ಮನೆ ಸೇರಿದರೆ, ಪಾತ್ರೆ ಮಾರುವ ಆಟೋದ ಧ್ವನಿವರ್ಧಕ ಗೋಡೆ ದಾಟಿ ಬಂದು ತಟ್ಟೆ ಲೋಟಗಳ ಗುಣಗಾನ ಮಾಡುತ್ತದೆ. ಬೇಡದ ಸದ್ದಿಗೆ ಈ ಸೀಮೆಯಲ್ಲಿ ಬರವೆಂಬುದಿಲ್ಲ. ನಾನು ಕೇಳಲೇಬೇಕೆಂದು ಹಂಬಲಿಸುವ ಒಂದು ದನಿ ಮಾತ್ರ, ವಾಲ್ಯೂಮನ್ನು ಕೊನೆಯ ಗೆರೆಯವರೆಗೆ ಏರಿಸಿದರೂ ಇರುವೆ ನಡೆದಷ್ಟೇ ಕೇಳಿಸುತ್ತದೆ. ಇದು ಅನ್ಯಾಯವಲ್ಲದೆ ಮತ್ತೇನು, ನೀವೇ ಹೇಳಿ.

ಆ ದನಿ ಮಲಪನಗುಡಿಯಲ್ಲಿರುವ ನನ್ನ ದೊಡ್ಡವ್ವನದು, ತಾಯಿಯ ಅಕ್ಕನದು. ಹೋದ ವರ್ಷ ಅವಳ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಜೀವ ಉಳಿಯಿತು, ದನಿ ಹೋಯಿತು; ಈಗ ಅವಳದು ಬರೀ ಉಸಿರಿನ ಮಾತು. ನಮ್ಮ ಮನೆತನದ ಮಕ್ಕಳೆಲ್ಲ ಅವಳ ಕತೆ ಕೇಳಿಯೇ ಬೆಳೆದವರು. ಕೊನೆಯ ಮೊಮ್ಮಗಳು, ನಾಲ್ಕು ವರ್ಷದ ಚೈತ್ರಾಳಿಗೆ ಮಾತ್ರ ಆ ಭಾಗ್ಯವಿಲ್ಲ. ಅವಳು "ಕತಿ ಹೇಳು ಅಜ್ಜಿ" ಎಂದು ತೊಡೆ ಹತ್ತಿದರೆ ದೊಡ್ಡವ್ವ ಬಾಯಿ ತೆರೆದು, ಮತ್ತೆ ಮುಚ್ಚಿ, ಮುಖ ಆಚೆ ತಿರುಗಿಸುತ್ತಾಳೆ. ಅದನ್ನು ನೋಡಲು ನನ್ನಿಂದಾಗುವುದಿಲ್ಲ.

ಪುಣ್ಯಕ್ಕೆ, ಮೂರು ವರ್ಷದ ಹಿಂದೆ ಅವಳ ಒಂದು ಕತೆಯನ್ನು ನಾನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ. ಊರ ಬಾವಿಯ ಮೆಟ್ಟಿಲು ಎಣಿಸಲು ಹೋದ ನರಿಯ ಕತೆ. ಮುಖದ ಮುಂದೆ ಮೊಬೈಲು ಹಿಡಿದರೆ ದೊಡ್ಡವ್ವನ ಬಾಯಿಗೆ ಬೀಗ ಬೀಳುತ್ತಿದ್ದುದರಿಂದ, ಅದನ್ನು ನನ್ನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದೆ; ಅವಳು ಪಡಸಾಲೆಯ ಆ ತುದಿಯಲ್ಲಿ ಶೇಂಗಾ ಸುಲಿಯುತ್ತ ಹೇಳುತ್ತಿದ್ದಳು. ನಮ್ಮಲ್ಲಿ ಕತೆ ಕೇಳುವವನು ತೆಪ್ಪಗೆ ಕೂಡುವಂತಿಲ್ಲ, ಮಾತುಮಾತಿಗೆ ಹೂಂಗುಟ್ಟಬೇಕು, ಇಲ್ಲದಿದ್ದರೆ ಕತೆ ಅಲ್ಲೇ ನಿಲ್ಲುತ್ತದೆ. ಆ ಕರ್ತವ್ಯವನ್ನು ನಾನು ನಿಷ್ಠೆಯಿಂದ ನೆರವೇರಿಸಿದ್ದೆ.

ಹೊಸಪೇಟೆಯಲ್ಲಿ ಮದುವೆಯ ವಿಡಿಯೋಗಳಿಗೆ ಅಂದಚೆಂದ ಮಾಡಿಕೊಡುವ ಖಾಜಾನ ಅಂಗಡಿಗೆ ಅದನ್ನು ಒಯ್ದೆ. ಆತ ಸ್ವಲ್ಪ ಏರಿಸಿ ಕೇಳಿಸಿದ. ಸಾಲದು, ಇನ್ನೂ ಜೋರು ಮಾಡಪ್ಪಾ ಎಂದೆ. ಆತ ಏನೋ ಹೇಳಲು ಹೋದ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನ ಎದುರು ಯಾರ ಮಾತು ನಡೆದೀತು? ಪೂರ್ತಿ ಏರಿಸಿಕೊಟ್ಟ. ಮಲಪನಗುಡಿಯಲ್ಲಿ ಅದನ್ನು ಹಚ್ಚಿದರೆ, ಪಟಾಕಿಯ ಸರಕ್ಕೆ ಬೆಂಕಿ ಇಟ್ಟ ಹಾಗಾಯಿತು. ಅಂದು ಪಡಸಾಲೆಯಲ್ಲಿ ತಿರುಗುತ್ತಿದ್ದ ಫ್ಯಾನು ಅದಿರಿನ ಲಾರಿಯಂತೆ ಭೋರ್ಗರೆಯಿತು, ಕತೆಯ ಮಾತೆಲ್ಲ ಒಡೆದು ಚೂರಾಯಿತು. ಚೈತ್ರಾ ಕಿವಿ ಮುಚ್ಚಿಕೊಂಡು ಓಡಿದಳು. ದೊಡ್ಡವ್ವ ನನ್ನ ಕೈ ಹಿಡಿದು, "ಇದು ನಾನಲ್ಲಪ್ಪಾ, ಬ್ಯಾಡ, ತೆಗಿ" ಎಂದು ಉಸಿರಿದಳು. ಇದ್ದ ಒಂದು ದನಿಯನ್ನೂ ಈ ಖಾಜಾ ಹೀಗೆ ಹಾಳುಗೆಡವಿದನಲ್ಲ ಎಂದು ನನ್ನ ಪಿತ್ತ ನೆತ್ತಿಗೇರಿತು.

ಮರುದಿನ ಅಂಗಡಿಯಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ನನ್ನ ವಯಸ್ಸಿಗೆ ಶೋಭೆಯಲ್ಲ. ಖಾಜಾ ಎಲ್ಲ ಕೇಳಿ, ಮೊದಲಿನ ರೆಕಾರ್ಡಿಂಗನ್ನು ಪರದೆಯ ಮೇಲೆ ಬಿಡಿಸಿಟ್ಟ. ಉದ್ದಕ್ಕೂ ಸಣ್ಣ ಗೆರೆ, ನಡುನಡುವೆ ಸಂಡೂರಿನ ಗುಡ್ಡಗಳಂಥ ಏರು.

"ಈ ಸಣ್ಣ ಗೆರಿ ನಿಮ್ಮ ದೊಡ್ಡವ್ವಾರು. ಈ ಗುಡ್ಡ ಯಾರು ಕೇಳ್ರಿ ಸರ್" ಎಂದು ಒಂದರ ಮೇಲೆ ಒತ್ತಿದ. "ಹೂಂ!" ಎಂದಿತು ಯಂತ್ರ, ನನ್ನದೇ ದನಿಯಲ್ಲಿ. ಇನ್ನೊಂದನ್ನು ಒತ್ತಿದ, ಅದೂ ನಾನೇ. ದೊಡ್ಡದೊಂದು ಗುಡ್ಡ ಒತ್ತಿದರೆ, ನರಿಯನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಆ ಬಾವಿ ಯಾರ ಕಾಲದ್ದೆಂದು ದೊಡ್ಡವ್ವನಿಗೇ ಪಾಠ ಮಾಡುತ್ತಿದ್ದೇನೆ!

"ದನಿಗೂ ಒಂದು ಮಾಳಿಗಿ ಇರ್ತೈತ್ರಿ. ಅದನ್ನ ದಾಟಿದ್ರ ಒಡೀತೈತಿ. ನಿಮ್ಮ ತಲಿ ಆಗ್ಲೇ ಮಾಳಿಗಿಗೆ ಬಡ್ಯಾಕ್ಹತ್ತೈತಿ, ಅವರನ್ನ ಹೆಂಗ ಎತ್ಲಿ? ಮೊದ್ಲು ನಿಮ್ಮನ್ನ ತಗ್ಗಿಸ್ಬೇಕು" ಎಂದ ಖಾಜಾ, ಪರದೆಯ ಮೇಲಂಚು ತೋರಿಸಿ.

ಇಷ್ಟು ಹೊತ್ತು ಲೋಕದ ಗದ್ದಲವನ್ನು ಬೈದು ನಿಮ್ಮ ತಲೆ ತಿಂದವನಿಗೆ ಆದ ಅವಮಾನ ನಿಮ್ಮ ಊಹೆಗೆ ಬಿಟ್ಟದ್ದು. ಬಸ್ಸಿನ ಮಹಾಶಯನಾದರೂ ಇಳಿದು ಹೋಗುತ್ತಾನೆ; ನಾನು ಜೇಬಿನೊಳಗೇ ಕೂತು, ಪ್ರೀತಿಯ ಹೆಸರಿನಲ್ಲಿ ಅವಳ ಮೇಲೆ ಕೂಗಿದ್ದೆ. ಸಿಟ್ಟು ಮಾತ್ರ ಇಳಿಯಲಿಲ್ಲ, ಖಾಜಾನನ್ನು ಬಿಟ್ಟು ನನ್ನ ಮೇಲೆ ಬಂದು ಕೂತಿತು. ತಗ್ಗಿಸುವುದು ಬೇಡ, ನನ್ನನ್ನು ಪೂರ್ತಿ ತೆಗೆದುಹಾಕು ಎಂದೆ. ಎರಡು ದಿನ ಕೂತು ಆತ ನನ್ನ ಒಂದೊಂದೇ ಹೂಂ ಅಳಿಸಿ, ಫ್ಯಾನಿನ ಸದ್ದು ಇಳಿಸಿ, ದೊಡ್ಡವ್ವನ ಮಾತನ್ನು ಒಡೆಯದಂತೆ ನಿಧಾನವಾಗಿ ಎತ್ತಿಕೊಟ್ಟ. ಅವನ ಕ್ಷಮೆಯನ್ನೂ ಕೇಳಿದೆ.

ಮಲಪನಗುಡಿಯ ಪಡಸಾಲೆಯಲ್ಲಿ ಮತ್ತೆ ಹಚ್ಚಿದೆವು. ನರಿ ಬಾವಿಗೆ ಬಂತು, ಒಂದು ಮೆಟ್ಟಿಲು ಇಳಿಯಿತು, ದನಿ ನಿಂತಿತು. ನಾನಿದ್ದ ಜಾಗವೆಲ್ಲ ಈಗ ಖಾಲಿ. ಎರಡನೆಯ ಮೆಟ್ಟಿಲು, ಮತ್ತೆ ಮೌನ. ಆಮೇಲೆ, ಅಂದು ನಾನು ಎಲ್ಲೋ ಮೈಮರೆತಿದ್ದಾಗ ಬೈದದ್ದಿರಬೇಕು, "ಹೂಂ ಅನ್ನು ಲೇ! ನಿದ್ದಿ ಹತ್ತಿತೇನು?" ಎಂದು ದೊಡ್ಡವ್ವನ ಹಳೆಯ ದನಿ ಗದರಿತು.

ಚೈತ್ರಾ ಬೆಚ್ಚಿ ಅಜ್ಜಿಯ ಮುಚ್ಚಿದ ಬಾಯಿ ನೋಡಿದಳು, ಮೊಬೈಲು ನೋಡಿದಳು. "ಹೂಂ!" ಎಂದಳು. ನರಿ ಮುಂದಿನ ಮೆಟ್ಟಿಲು ಇಳಿಯಿತು. ಅಲ್ಲಿಂದಾಚೆಗೆ ಹೇಳಿಸಿಕೊಳ್ಳದೆ ಹೂಂಗುಟ್ಟುತ್ತ ಹೋದಳು. ಒಂದು ಕಡೆ ಮಾತ್ರ, ನರಿಗೆ ನೀರು ಕಂಡಾಗ, ಬಾಯಿ ತೆರೆದು ಕೂತವಳು ಹೂಂ ಅನ್ನುವುದನ್ನೇ ಮರೆತಳು. ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ತುಟಿ ಕಚ್ಚಿ ನುಂಗಿಕೊಂಡೆ. ಆಗ ಪಕ್ಕದಿಂದ, ಬರೀ ಉಸಿರಿನಲ್ಲಿ, ದೊಡ್ಡವ್ವ ತನ್ನ ಕತೆಗೆ ತಾನೇ ಹೂಂ ಅಂದಳು. ನನಗೆ ಸ್ಪಷ್ಟವಾಗಿ ಕೇಳಿಸಿತು.