ಉಲ್ಟಾ ತಿರುಗಿದ ಗಿರಣಿ

ನಾರಾಯಣಖೇಡದಲ್ಲಿ ನಮ್ಮದು ಹಿಟ್ಟಿನ ಗಿರಣಿ. ನಡೆಸುವವಳು ನಾನು. ಇಪ್ಪತ್ತು ವರ್ಷದಿಂದ ಅದೇ ಮೋಟಾರಿನ ಪಕ್ಕ ನಿಂತಿದ್ದೇನೆ, ಆದರೂ ಕರೆಂಟೆಂದರೆ ಕೈಕಾಲು ತಣ್ಣಗಾಗುತ್ತವೆ. ಮದುವೆಯಾಗಿ ಬಂದ ಹೊಸದರಲ್ಲಿ ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟಿ ಗೋಡೆಗೆ ಹೋಗಿ ಬಿದ್ದಿದ್ದೆ. ಅಂದಿನಿಂದ ಕಟ್ಟಿಗೆಯ ತುಂಡಿನಿಂದಲೇ ಸ್ವಿಚ್ಚು ಒತ್ತುವುದು. ಓಣಿಯ ಹೆಂಗಸರು ನಗುತ್ತಾರೆ, ನಗಲಿ.

ಇಂಥವಳ ಮಗಳು ಹತ್ತನೆಯ ತರಗತಿ ಮುಗಿಸಿ, ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ಲೇ ಓದುತ್ತೇನೆ ಎಂದು ಹಟ ಹಿಡಿದರೆ ನನಗೆ ಹೇಗಾಗಬೇಡ? ಪ್ರವೇಶ ಪರೀಕ್ಷೆ ಮುಗಿದಿತ್ತು. ಯಾವ ವಿಭಾಗ ಬೇಕೆಂದು ನೆಟ್‌ನಲ್ಲಿ ತುಂಬಲು ಆ ದಿನ ಸಂಜೆಯೇ ಕಡೆಯ ಗಡುವು. ಕಂಪ್ಯೂಟರ್ ಆದರೆ ಓದು, ಇಲ್ಲವಾದರೆ ಮನೆಯಲ್ಲಿರು ಎಂದಿದ್ದೆ. ಅವರಪ್ಪ ನಡುವೆ ಬಾಯಿ ಹಾಕಲಿಲ್ಲ. ನಮ್ಮ ಮನೆಯಲ್ಲಿ ಕಡೆಯ ಮಾತು ನನ್ನದು. ಅವಳ ಶಾಲೆಯ ವಿಜ್ಞಾನದ ಟೀಚರಮ್ಮನನ್ನು ಒಳಗೊಳಗೇ ಬೈದುಕೊಂಡಿದ್ದೆ. ಆಕೆ ಕೆಟ್ಟ ಫ್ಯಾನು, ಹಳೆಯ ಮೋಟಾರು ತಂದು ಹುಡುಗಿಯರ ಮುಂದಿಟ್ಟು, ಬಿಚ್ಚಿ ನೋಡಿರಿ ಎನ್ನುತ್ತಿದ್ದರಂತೆ. ಮಗಳು ಉಗುರಿನ ಸಂದಿಯಲ್ಲಿ ಗ್ರೀಸು ತುಂಬಿಕೊಂಡು ಬಂದು ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದಳು.

ಹಿಂದಿನ ದಿನ ಓಣಿಯ ಟ್ರಾನ್ಸ್‌ಫಾರ್ಮರ್ ಬದಲಾಗಿತ್ತು. ಬೆಳಿಗ್ಗೆ ಗಿರಣಿ ಹಚ್ಚಿದರೆ ಸದ್ದೇ ಬೇರೆ. ಬೆಲ್ಟು ಹಿಂದಕ್ಕೆ ಓಡುತ್ತಿದೆ, ಕಲ್ಲು ಉಲ್ಟಾ ತಿರುಗುತ್ತಿದೆ, ಹಿಟ್ಟಿನ ಬದಲು ನುಚ್ಚು ಬೀಳುತ್ತಿದೆ. ಗಾಬರಿಯಾಗಿ ಬಂದ್ ಮಾಡಿದೆ. ಡಬ್ಬಿ ಹಿಡಿದು ಐದಾರು ಹೆಂಗಸರು ಸಾಲಿನಲ್ಲಿ ಕಾಯುತ್ತಿದ್ದರು. ಜಹೀರಾಬಾದಿನ ಮಿಸ್ತ್ರಿಗೆ ಫೋನ್ ಮಾಡಿದರೆ ನಾಳೆ ಬರುತ್ತೇನೆ ಎಂದ.

ಮಗಳು ಒಳಗಿನಿಂದ ಬಂದು ನೋಡಿದಳು. ಟ್ರಾನ್ಸ್‌ಫಾರ್ಮರ್ ಬದಲಿಸುವಾಗ ತಂತಿಗಳ ಸರದಿ ಹಿಂದುಮುಂದಾಗಿದೆ, ಮೋಟಾರಿಗೆ ಬರುವ ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ಸಾಕು ಎಂದಳು. ಯಾವ ಎರಡು ಎಂದು ಕೇಳಿದೆ.

"ಯಾವ ಎರಡಾದ್ರೂ ಆತು, ಅವ್ವಾ. ಯಾವ್ದು ಬದ್ಲಿ ಮಾಡಿದ್ರೂ ನಡೀತದ."

ನನಗೆ ಸಿಟ್ಟು ನೆತ್ತಿಗೇರಿತು. ಮಿಷನ್ ಎಂದಮೇಲೆ ಈ ತಂತಿ ಇಲ್ಲಿಗೇ ಎಂದಿರುತ್ತದೆ, ಯಾವುದಾದರೂ ನಡೆಯಲು ಇದೇನು ಸಾರಿಗೆ ಹಾಕುವ ಸೊಪ್ಪೇ ಎಂದು ಬೈದೆ. ಅವಳು ಸಾಲಿನಿಂದ ಮೂರು ಡಬ್ಬಿ ಎತ್ತಿ, ತಾಂಡೂರ ಬಂಡೆ ಹಾಸಿದ ನೆಲದ ಮೇಲೆ ದುಂಡಗೆ ಇಟ್ಟಳು: ಜೋಳ, ಗೋಧಿ, ಕಡಲೆ. ಕರೆಂಟು ಮೂರು ತಂತಿಗಳಲ್ಲಿ ಸರದಿಯಂತೆ ಬರುತ್ತದೆ, ಮೋಟಾರು ಅದರ ಬೆನ್ನು ಹತ್ತಿ ತಿರುಗುತ್ತದೆ ಎಂದಳು. ಜೋಳ, ಗೋಧಿ, ಕಡಲೆ ಎನ್ನುತ್ತ ಒಂದೊಂದಕ್ಕೂ ಬೆರಳು ಮಾಡು ಎಂದು ನನಗೆ ಹೇಳಿದಳು. ಬೆರಳು ಬಲಕ್ಕೆ ಸುತ್ತಿತು. ಜೋಳದ ಜಾಗಕ್ಕೆ ಗೋಧಿ, ಗೋಧಿಯ ಜಾಗಕ್ಕೆ ಜೋಳ ಇಟ್ಟಳು. ಮತ್ತೆ ಅದೇ ಸರದಿಯಲ್ಲಿ ಹೆಸರು ಹೇಳುತ್ತ ಹೋದರೆ ನನ್ನ ಬೆರಳು ಎಡಕ್ಕೆ ಸುತ್ತುತ್ತಿದೆ!

ನಾನೇ ಡಬ್ಬಿಗಳನ್ನು ಮೊದಲಿನಂತಿಟ್ಟು ಗೋಧಿ, ಕಡಲೆ ಬದಲಿಸಿದೆ. ಎಡಕ್ಕೆ. ಮತ್ತೆ ಮೊದಲಿನಂತಿಟ್ಟು ಕಡಲೆ, ಜೋಳ ಬದಲಿಸಿದೆ. ಎಡಕ್ಕೇ. ಇನ್ನೊಂದು ಜೋಡಿ ಇರಬೇಕೆಂದು ಹುಡುಕಿದೆ, ಇರಲಿಲ್ಲ. ಕಾಯುತ್ತಿದ್ದ ಹೆಂಗಸರೂ ಸುತ್ತ ಕೂತು ಬೆರಳು ತಿರುಗಿಸತೊಡಗಿದರು. ದಿನಾ ಕೈಯಲ್ಲಿ ಹಿಡಿಯುವ ಡಬ್ಬಿಗಳಲ್ಲಿ ಇಂಥದ್ದೊಂದು ಅಡಗಿತ್ತೇ ಎಂದು ಬೆರಗಾಗಿ ಬಾಯಿ ತೆರೆದು ಕೂತೆ.

ಆಮೇಲೆ, ಹಾಗಾದರೆ ಮಾಡು ಎಂದೆ. ಅವಳು ಮೇನ್ ಸ್ವಿಚ್ ಬಂದ್ ಮಾಡಿದಳು. ಯಾರೂ ಮರೆತು ಹಾಕಬಾರದೆಂದು ಫ್ಯೂಸುಗಳನ್ನು ಕಿತ್ತು ಓಢಣಿಯ ಸೆರಗಿನಲ್ಲಿ ಕಟ್ಟಿಕೊಂಡಳು. ಟೆಸ್ಟರ್ ಹಿಡಿದು ಮೂರೂ ತಂತಿ ನೋಡಿದಳು. ಸ್ವಲ್ಪವೂ ಅವಸರವಿಲ್ಲ. ಎರಡು ತಂತಿ ಬದಲಿಸಿ, ಫ್ಯೂಸು ಹಾಕಿ ಗಿರಣಿ ಹಚ್ಚಿದಳು. ಕಲ್ಲು ನೆಟ್ಟಗೆ ತಿರುಗಿತು, ಹಿಟ್ಟು ಬಿತ್ತು. ಹೆಂಗಸರು ತಮ್ಮ ತಮ್ಮ ಡಬ್ಬಿ ಎತ್ತಿಕೊಂಡು ಎದ್ದರು.

ನಾನು ಮತ್ತೆ ಬಂದ್ ಮಾಡಿಸಿದೆ. ಮೊದಲಿದ್ದಂತೆ ಮಾಡಿ, ಬೇರೆ ಜೋಡಿ ಬದಲಿಸಿ ತೋರಿಸು ಎಂದೆ. ಡಬ್ಬಿ ಹೇಳಿದ್ದನ್ನೇ ಮೋಟಾರೂ ಹೇಳುತ್ತದೋ ನೋಡಬೇಕಿತ್ತು. ಅವಳು ಮತ್ತೆ ಮೇನ್ ಬಂದ್ ಮಾಡಿ, ಫ್ಯೂಸು ಕಿತ್ತು, ಟೆಸ್ಟರ್ ಹಚ್ಚಿ ನೋಡಿ, ತಂತಿಗಳನ್ನು ಮೊದಲಿದ್ದಂತೆ ಕೂರಿಸಿ, ಸ್ಕ್ರೂಡ್ರೈವರನ್ನು ನನ್ನ ಕಡೆ ಚಾಚಿದಳು.

"ಈ ಸಲ ನೀ ಮಾಡವ್ವಾ. ನಾ ಇಲ್ಲೇ ನಿಂತೀನಿ."

ತಾಮ್ರದ ತಂತಿಯನ್ನು ಬರಿಗೈಯಲ್ಲಿ ಹಿಡಿದದ್ದು ಜನ್ಮದಲ್ಲಿ ಅದೇ ಮೊದಲು. ಅವಳು ತೋರಿಸಿದ ಎರಡನ್ನು ಬಿಚ್ಚಿದೆ, ಬದಲಿಸಿದೆ, ತಿರುಪು ಬಿಗಿದೆ. ಅವಳು ಇನ್ನೊಮ್ಮೆ ಎಳೆದು ನೋಡಿ ಗಿರಣಿ ಹಚ್ಚಿದಳು. ಕಲ್ಲು ನೆಟ್ಟಗೇ ತಿರುಗಿತು, ನನ್ನ ಕೈಯಿಂದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ನಾನು ಹೆದರಿದ್ದಕ್ಕೆ ಇವಳೂ ಹೆದರಬೇಕೆಂದು ಇಷ್ಟು ದಿನ ಹಟ ಮಾಡಿದ್ದೆನಲ್ಲ ಎನಿಸಿ ನಾಚಿಕೆಯಾಯಿತು.

ಮಗಳು ಟೆಸ್ಟರ್, ಸ್ಕ್ರೂಡ್ರೈವರ್ ಒರೆಸಿ ಎತ್ತಿಡುತ್ತಿದ್ದಳು.

"ಸಂಜಿ ತನಕ ಯಾಕ ಕಾಯ್ತಿ?" ಎಂದೆ. "ಹೋಗು, ಎಲೆಕ್ಟ್ರಿಕಲ್ ಅಂತ ತುಂಬಿ ಬಾ. ಬಂದ ಮ್ಯಾಲ ಇದು ಹ್ಯಾಂಗ ತಿರುಗ್ತದ ಅಂತ ಮೊದಲಿಂದ ಹೇಳು. ನನಗಿನ್ನಾ ಪೂರಾ ತಿಳೀವಲ್ದು."