ಹೊಟ್ಟೆ ಎತ್ತಿ ಕಟ್ಟುವ ಬೆಲ್ಟು

ನನ್ನ ಅಕ್ಕ ಕೊಬ್ಬಿನ ಲೆಕ್ಕ ಮಾಡುವವಳು. ಹೀಗಂದರೆ ನಮ್ಮೂರ ಜನ ಕಟುಕರ ಅಂಗಡಿಯ ಕಡೆ ನೋಡುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಅವಳು ಉದಗೀರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಉಳಿದ ಹೊತ್ತಿನಲ್ಲಿ ಕಂಪ್ಯೂಟರಿನೊಳಗೆ ಒಬ್ಬ ದಪ್ಪ ಹೆಂಗಸನ್ನು ಕಾರಿನಲ್ಲಿ ಕೂರಿಸಿ, ಆ ಕಾರನ್ನು ಗೋಡೆಗೆ ಗುದ್ದಿಸುತ್ತಾಳೆ. ಗುದ್ದಿದಾಗ ಹೊಟ್ಟೆಯ ಕೊಬ್ಬು ಎಷ್ಟು ಕುಗ್ಗಿತು, ಎತ್ತ ಸರಿಯಿತು ಎಂದು ನೋಡುವುದೇ ಕೆಲಸ. ಕೊಬ್ಬಿನ ಗುಣ ವಿಚಿತ್ರವಂತೆ. ಮೆಲ್ಲಗೆ ಒತ್ತಿದರೆ ಬೆಣ್ಣೆಯಂತೆ ಸರಿಯುತ್ತದೆ, ಥಟ್ಟನೆ ಹೊಡೆದರೆ ಬಿಗಿಯಾಗಿ ಎದುರು ನಿಲ್ಲುತ್ತದೆ. ಅದನ್ನು ಸಮೀಕರಣದಲ್ಲಿ ಹಿಡಿಯಲು ಅಕ್ಕ ವರ್ಷಗಟ್ಟಲೆ ಹೆಣಗಿದ್ದಾಳೆ. ಅವಳು ಈ ಕೆಲಸಕ್ಕೆ ಇಳಿದಾಗ ಕಂಪ್ಯೂಟರಿನ ಕಾರುಗಳಲ್ಲಿ ಕಂಡದ್ದೆಲ್ಲ ತೆಳ್ಳನೆಯ ದೇಹಗಳೇ. "ನಮ್ಮಂಥಾರು ಕಾರಿನ್ಯಾಗ ಕೂಡೂದಿಲ್ಲೇನು?" ಎಂದು ಹಟ ಹಿಡಿದು ಕೂತಳು. ಅವಳೂ ದಪ್ಪ, ಅವ್ವನೂ ದಪ್ಪ. ನಾನು ಕಡ್ಡಿ, ನನಗೆ ಅವಳ ಬುದ್ಧಿಯೂ ಇಲ್ಲ, ಹಟವೂ ಇಲ್ಲ.

ಅವ್ವನ ಕಣ್ಣಿಗೆ ಉದಗೀರದಲ್ಲಿ ಔಷಧ ನಡೆದಿತ್ತು. ನಮ್ಮೂರು ದಾಳಿಂಬದಿಂದ ನಿಲಂಗಾ ಹಾಯ್ದು ಅಕ್ಕನೇ ಕಾರಿನಲ್ಲಿ ಕರೆದೊಯ್ಯಬೇಕು. ಸುಗ್ಗಿಯಲ್ಲಿ ಆ ದಾರಿಯ ತಿರುವುಗಳಲ್ಲಿ ಸೋಯಾಬೀನ್ ಹೇರಿದ ಟ್ರ್ಯಾಕ್ಟರುಗಳು ಮನಸ್ಸು ಬಂದಂತೆ ನಿಂತಿರುತ್ತವೆ. ಆ ದಿನ ಅವ್ವ ಮುಂದಿನ ಸೀಟಿನಲ್ಲಿ ಕೂತು, ಹೊಟ್ಟೆಗೆ ಕಂಬಳಿ ಮಡಚಿಟ್ಟುಕೊಂಡು ಅದರ ಮೇಲೆ ಬೆಲ್ಟು ಹಾಕಿಕೊಂಡಳು. ಬೀರಪ್ಪನ ಒಕ್ಕಲಾದ ನಮಗೆ ಕಂಬಳಿ ಎಂದರೆ ದೇವರ ನೆರಳು. ನಾವು ಚಿಕ್ಕವರಿದ್ದಾಗ ಭೂಕಂಪವಾಗಿ ಬಯಲಲ್ಲಿ ಮಲಗಿದಾಗಲೂ ಅವ್ವ ಅದನ್ನೇ ನಮಗೆ ಹೊದಿಸಿದ್ದಳು. ಕಂಬಳಿಯ ಮೇಲೆ ಬಿಗಿದ ಬೆಲ್ಟು ನೋಡಿ ಅಕ್ಕನ ಮುಖ ಸಪ್ಪಗಾಯಿತು.

"ಯವ್ವಾ, ಕಂಬಳಿ ತಗಿ. ಬೆಲ್ಟ್ ಹೊಟ್ಟಿ ಕೆಳಗ ಬರಬೇಕು, ಟೊಂಕದ ಎಲುಬಿನ ಮ್ಯಾಲ."

"ದೇವರ ಕಂಬಳಿ ಅದ, ಮೈಯಾಗ ಮಾಂಸ ಅದ. ನನಗೇನ ಆಗ್ತದ? ಪೆಟ್ಟಾಗೂದು ಈ ಕಡ್ಡಿಗಿ," ಎಂದು ಅವ್ವ ಹಿಂದೆ ಕೂತಿದ್ದ ನನ್ನ ಕಡೆ ಕೈ ಮಾಡಿದಳು.

ಕಳಿಸಲು ಬಂದಿದ್ದ ಅರ್ಧ ಓಣಿ ಹೌದೆಂದು ತಲೆಯಾಡಿಸಿತು. ಕೇಳುವ ಮೊದಲೇ ತಲೆಯಾಡಿಸುವುದರಲ್ಲಿ ನಮ್ಮ ಓಣಿಗೆ ಸಾಟಿಯಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ಮಾತ್ರ ಸಮಾಧಾನದಿಂದ ತಿಳಿಸಿದಳು: ಮೆತ್ತನೆಯದರ ಮೇಲೆ ಬೆಲ್ಟು ನಿಲ್ಲುವುದಿಲ್ಲ, ಜಾರಿ ಹೊಟ್ಟೆಯೊಳಗೆ ಇಳಿದು ಕರುಳನ್ನೇ ಕೊಯ್ಯುತ್ತದೆ, ಎಲುಬಿಗೆ ಕಚ್ಚಿದರೆ ಮಾತ್ರ ಮನುಷ್ಯನನ್ನು ಹಿಡಿಯುತ್ತದೆ.

ಅವ್ವ ತಗ್ಗಿದ ದನಿಯಲ್ಲಿ ಹೇಳಿದಳು: "ಹೊಟ್ಟಿ ಎತ್ತಿ ಕಟ್ಟಬೇಕಾಗ್ತದಲ್ಲ. ಇಷ್ಟು ಗಂಡಸರ ಮುಂದ?"

ನಿಜವಾದ ಗಂಟು ಅಲ್ಲಿತ್ತು. ಅಕ್ಕ ಕಾರಿನ ಬಾಗಿಲು ತೆರೆದಿದ್ದಂತೆಯೇ ತನ್ನ ಸೀಟಿನಲ್ಲಿ ಕೂತು, ಎಲ್ಲರೆದುರು ಎರಡೂ ಕೈಯಿಂದ ತನ್ನ ಹೊಟ್ಟೆ ಎತ್ತಿ, ಬೆಲ್ಟನ್ನು ಕೆಳಗೆ ತೂರಿಸಿ ಬಿಗಿದಳು. ಯಾರೋ ಕಿಸಕ್ಕನೆ ನಕ್ಕ. ಅವಳು ಅತ್ತ ತಿರುಗಲಿಲ್ಲ. ಇದೇ ಹೊಟ್ಟೆಗೆ ಶಾಲೆಯಲ್ಲಿ ಅಡ್ಡಹೆಸರಿಟ್ಟರೆಂದು ಊಟ ಬಿಟ್ಟು ಅತ್ತವಳು ಅವಳು. ಅವಳ ಮೇಲೆ ಎಷ್ಟು ಅಭಿಮಾನ ಬಂತೆಂದರೆ, ನಕ್ಕವನಿಗೆ ಬೈಯುವುದನ್ನೇ ಮರೆತೆ. ನನ್ನ ನಾಲಗೆ ಬಲ್ಲವರಿಗೆ ಅದು ಸಣ್ಣ ಮಾತಲ್ಲವೆಂದು ಗೊತ್ತು.

ಅವ್ವ ಅವಳನ್ನೇ ನೋಡುತ್ತಿದ್ದಳು.

"ನಿನ್ನ ಕಂಪ್ಯೂಟರಿನ್ಯಾಗ ಕೂಡಸ್ತಿಯಲ್ಲ, ಆ ಹೆಣ್ಮಗಳು ನನ್ನಂಗ ಅದಾಳೇನು?"

"ನಿನ್ನಂಗೇ ಅದಾಳ. ನಿನ್ನ ಸುತ್ತಳತಿನೇ ಕೊಟ್ಟೀನಿ."

"ಆಕಿಗಿ ಹೊಟ್ಟಿ ಮ್ಯಾಲ ಕಟ್ಟಿದ್ರ?"

"ಉಳ್ಯೂದಿಲ್ಲ, ಯವ್ವಾ. ದಿನಾ ನೋಡ್ತೀನಿ."

ಅವ್ವ ಬೆಲ್ಟು ಬಿಚ್ಚಿದಳು. ಕಂಬಳಿಯನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟಳು. ಆಮೇಲೆ ಓಣಿಯ ಗಂಡಸರು ನೋಡುತ್ತಿರುವಂತೆಯೇ ಎರಡೂ ಕೈಯಿಂದ ಹೊಟ್ಟೆ ಎತ್ತಿ, ಅಕ್ಕನಿಗೆ ಬೆಲ್ಟು ತೂರಿಸಲು ಹೇಳಿದಳು.

"ನಾಳಿಂದ ಆಕಿಗೂ ಹಿಂಗೇ ಕಟ್ಟು," ಎಂದಳು. "ದಿನಾ ನಾ ಸಾಯೂದು ನೀ ಒಬ್ಬಾಕಿನೇ ಕುಂತು ನೋಡಬ್ಯಾಡ."