ದೇವನಕ್ಕಿಯ ಎಲೆ

ಶಕ್ತಿನಗರದ ಇಳಿಜಾರು ಮುಗಿಯುವಲ್ಲಿ ಕುಶಲಕ್ಕನ ಗದ್ದೆ. ಉಳುವುದನ್ನು ಬಿಟ್ಟ ಮೇಲೆ ಮಳೆನೀರು ಅಲ್ಲೇ ನಿಂತು, ಜೊಂಡು ಬೆಳೆದು, ಬಿಳಿ ನೈದಿಲೆ ಹಬ್ಬಿ, ಹಕ್ಕಿಗಳಿಗೆ ಅದು ಮನೆಯಾಗಿತ್ತು. ಸುತ್ತಲಿನ ಫ್ಲ್ಯಾಟುಗಳು ಮೇಲಿನಿಂದ ಬಗ್ಗಿ ನೋಡುತ್ತಿದ್ದರೂ ಬೆಳ್ಳಕ್ಕಿಗಳು ತಲೆ ಕೆಡಿಸಿಕೊಂಡಿರಲಿಲ್ಲ.

ಪ್ರತಿ ಭಾನುವಾರ ಇಗರ್ಜಿಯ ಪೂಜೆ ಮುಗಿದೊಡನೆ ರೊಸಾಲಿನ್ ಟೀಚರ್ ಆಸುಪಾಸಿನ ಮಕ್ಕಳನ್ನು ಕಟ್ಟಿಕೊಂಡು ಆ ಗದ್ದೆಯ ಬದುವಾದ ಹುಣಿಗೆ ಬರುತ್ತಿದ್ದರು. ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವರಿಗೆ ಇಲ್ಲಿ ಬೋರ್ಡು ಬೇಡ, ಚಾಕ್‌ಪೀಸು ಬೇಡ. ಬೆರಳು ಸಾಕು. ನೀರಿನಂಚಿನಲ್ಲಿ ಬಾಲ ಕುಣಿಸುವುದು ಹುಂಡುಕೋಳಿ, ತಂತಿಯ ಮೇಲಿರುವುದು ಮಿಂಚುಳ್ಳಿ. ಈ ವರ್ಷ ಅವರ ಬೆರಳು ಪದೇ ಪದೇ ನೈದಿಲೆಯ ನಡುವೆ ನಿಲ್ಲುತ್ತಿತ್ತು. ಅಲ್ಲಿ, ಎಲೆಯ ಮೇಲೆಯೇ, ಉದ್ದ ಬಾಲದ ನೀರುಹಕ್ಕಿ ದೇವನಕ್ಕಿ ಮೊಟ್ಟೆಯಿಟ್ಟಿತ್ತು. ಇಷ್ಟು ವರ್ಷಗಳಲ್ಲಿ ಅವರು ಅದರ ಗೂಡನ್ನು ಕಂಡದ್ದು ಇದೇ ಮೊದಲು. ಮರಿ ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟಿದ್ದರು.

“ಕಾವು ಕೂತದ್ದು ಅಪ್ಪ. ಅಮ್ಮ ಮೊಟ್ಟೆ ಇಟ್ಟು ಹೋಗ್ತದೆ” ಎಂದು ಟೀಚರ್ ಹೇಳಿದಾಗ, ಅಪ್ಪ ದುಬೈಯಲ್ಲಿದ್ದ ಹುಡುಗ ಗೇವಿನ್ ಕಣ್ಣರಳಿಸಿದ್ದ.

“ಹಾಗಾದ್ರೆ ಇದರ ಮಮ್ಮಿಯಾ ಟೀಚರ್ ದುಬೈಗೆ ಹೋದದ್ದು?”

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

ಅಷ್ಟರಲ್ಲಿ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬ ಹತ್ತಿರವಾಯಿತು. ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಮಕ್ಕಳು ದಿನವೂ ಬುಟ್ಟಿಯಲ್ಲಿ ಹೂ ತಂದು, ಹಾಡುತ್ತಾ, ಬಾಲೆ ಮರಿಯಮ್ಮನ ಮೂರ್ತಿಗೆ ಎರಚಬೇಕು. “ಅಂಗಡಿಯಿಂದ ತಂದ ಹೂವಲ್ಲ, ನೀವೇ ಹುಡುಕಿ ಕೊಯ್ದದ್ದು ತನ್ನಿ” ಎಂದು ರೊಸಾಲಿನ್ ತಾಕೀತು ಮಾಡಿದ್ದರು. ಅವರ ತಾಯಿ ಅವರಿಗೆ ಹೇಳಿದ್ದೂ ಹಾಗೆಯೇ.

ಮೊದಲ ದಿನ ಬೆಳಿಗ್ಗೆ ಇಗರ್ಜಿಯ ಬಾಗಿಲಲ್ಲಿ ಬುಟ್ಟಿಗಳನ್ನು ನೋಡಿ ರೊಸಾಲಿನ್ ತಟ್ಟನೆ ನಿಂತರು. ಎಲ್ಲದರಲ್ಲೂ ಬಿಳಿ ನೈದಿಲೆ. ಹೂಗಳ ಅಡಿಯಲ್ಲಿ ಅಗಲವಾದ ಹಸಿರು ಎಲೆಗಳ ಹಾಸು.

“ಗೇವಿನ್, ಇದು ಎಲ್ಲಿದು?”

“ಕುಶಲಕ್ಕನ ಗದ್ದೆದು. ಅಂಗಡಿಯದ್ದು ತರಬೇಡಿ ಅಂದ್ರಿ ಅಲ್ವಾ?”

“ಎಲೆ ಯಾಕೆ ಕಿತ್ತದ್ದು?”

“ಅಡಿಗೆ ಎಲೆ ಇಲ್ಲದಿದ್ರೆ ಹೂ ಬಾಡ್ತದೆ ಟೀಚರ್” ಎಂದಳು ಶರೊನ್. ಟೀಚರ್ ಮುಖ ನೋಡಿ ಗಾಬರಿಯಾಗಿ, “ಮೊಟ್ಟೆ ಮುಟ್ಟಲಿಲ್ಲ, ದೇವರಾಣೆ! ಮುಟ್ಟಬಾರದು ಅಂತ ನೀವು ಹೇಳಿದ್ದು ನೆನಪುಂಟು” ಎಂದು ಸೇರಿಸಿದಳು.

ರೊಸಾಲಿನ್ ಹೇಳಿಕೊಟ್ಟದ್ದನ್ನು ಮಕ್ಕಳು ಚಾಚೂ ತಪ್ಪದೆ ಮಾಡಿದ್ದರು. ಹಕ್ಕಿಯ ರೆಕ್ಕೆ, ಕೊಕ್ಕು, ಉದ್ದನೆಯ ಬಾಲ ಎಲ್ಲವನ್ನೂ ತೋರಿಸಿದವರು ತಾವೇ. ಅದು ನಿಲ್ಲುವ ಎಲೆಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಪೂಜೆ ಮುಗಿಯುತ್ತಲೇ ಎಲ್ಲರೂ ಗದ್ದೆಗೆ ಓಡಿದರು. ನೀರು ಬೋಳಾಗಿತ್ತು. ನಡುವೆ ಒಂಟಿ ಎಲೆಯ ಮೇಲೆ ಕಂದು ಮೊಟ್ಟೆಗಳು. ಸುತ್ತಲಿನ ಎಲೆಗಳ ಆಸರೆ ತಪ್ಪಿ ಅದು ಒಂದು ಬದಿಗೆ ಮುಳುಗುತ್ತಿತ್ತು. ದೇವನಕ್ಕಿ ದೂರದ ಜೊಂಡಿನ ಬುಡದಲ್ಲಿ ನಿಂತು ಕೂಗುತ್ತಿತ್ತು.

“ನಾನು ಇಳಿದು ಎಲೆ ಹಾಕ್ತೇನೆ” ಎಂದು ಗೇವಿನ್ ಚಡ್ಡಿ ಮೇಲೆತ್ತಿದ.

“ಬೇಡ ಮಾರಾಯ. ಈಗ ನೀನು ಇಳಿದ್ರೆ ಅದು ಬರುವುದೇ ಇಲ್ಲ. ಎಲ್ಲರೂ ಕೂತ್ಕೊಳ್ಳಿ.”

ಹುಣಿಯ ಒದ್ದೆ ಹುಲ್ಲಿನ ಮೇಲೆ ಎಲ್ಲರೂ ಕುಕ್ಕರಗಾಲಲ್ಲಿ ಕುಳಿತರು. ಕೊಡೆ ಹಿಡಿದು ಬಂದ ಕುಶಲಕ್ಕ, “ಎಂತ ಟೀಚರ್, ಹಬ್ಬದ ಸಮಯದಲ್ಲಿ ಮಕ್ಕಳಿಗೆ ಶಿಕ್ಷೆಯಾ?” ಎಂದರು.

“ಶಿಕ್ಷೆ ನನಗೆ ಕುಶಲಕ್ಕ. ಸ್ವಲ್ಪ ಮೆಲ್ಲ ಮಾತಾಡಿ.”

ಕುಶಲಕ್ಕ ಕೊಡೆ ಮಡಚಿ ತಾವೂ ಕುಳಿತರು.

ಬಹಳ ಹೊತ್ತಿನ ಮೇಲೆ ಹಕ್ಕಿ ಬಂತು. ಎಲೆಗೆ ಕಾಲಿಟ್ಟಿತು, ಎಲೆ ಇನ್ನಷ್ಟು ಬಾಗಿತು, ಒಂದು ಮೊಟ್ಟೆ ಉರುಳಿ ನೀರು ಸೇರಿತು. ಶರೊನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಕ್ಕಿ ಕತ್ತು ಬಗ್ಗಿಸಿ, ಇನ್ನೊಂದು ಮೊಟ್ಟೆಯನ್ನು ಕೊಕ್ಕಿಗೂ ಎದೆಗೂ ನಡುವೆ ಒತ್ತಿ ಹಿಡಿದು, ಆಳವಿಲ್ಲದ ನೀರಿನಲ್ಲಿ ಹಿಂದೆ ಹಿಂದೆ ನಡೆಯತೊಡಗಿತು. ಹಾವಿಗೆ ಹೆದರಿ ಮಕ್ಕಳು ಹೋಗದೆ ಬಿಟ್ಟಿದ್ದ ಮೂಲೆಯಲ್ಲಿ ಎಲೆಗಳು ಇನ್ನೂ ದಟ್ಟವಾಗಿದ್ದವು. ಮೊಟ್ಟೆಯನ್ನು ಅಲ್ಲಿಟ್ಟು ತಿರುಗಿ ಬಂತು. ಮತ್ತೊಂದು. ಕೊನೆಯದನ್ನೂ ಸಾಗಿಸಿ, ರೆಕ್ಕೆ ಸಡಿಲಿಸಿ, ಏನೂ ಆಗದವರ ಹಾಗೆ ಕಾವು ಕುಳಿತುಬಿಟ್ಟಿತು.

“ಅಬ್ಬ, ಬಾಡಿಗೆ ಮನೆ ಬದಲಾಯಿಸಿತು!” ಎಂದು ಕುಶಲಕ್ಕ ಪಿಸುಗುಟ್ಟಿದರು.

ರೊಸಾಲಿನ್ ಕಣ್ಣೊರೆಸಿಕೊಂಡು ಮಕ್ಕಳ ಕಡೆ ತಿರುಗಿದರು. “ಎಲೆ ಇದ್ದರೆ ಹಕ್ಕಿ. ಇದನ್ನು ನಾನು ಮೊದಲೇ ಹೇಳಬೇಕಿತ್ತು ಮಕ್ಕಳೇ.”

“ನಾಳೆ ಹೂವಿಗೆ ಎಂತ ಮಾಡುವುದು?” ಗೇವಿನ್‌ನ ಚಿಂತೆ ಅದು.

“ನಮ್ಮ ಅಂಗಳದ ದಾಸವಾಳ ಕೊಯ್ಯಿರಿ. ಅದರಲ್ಲಿ ಯಾರ ಸಂಸಾರವೂ ಇಲ್ಲ” ಎಂದರು ಕುಶಲಕ್ಕ.

“ಇರ್ತದೆ ಕುಶಲಕ್ಕ. ಸಿಂಪಿಗ ಅಂತ ಒಂದು ಹಕ್ಕಿ ಉಂಟು, ಎಲೆ ಹೊಲಿದು ಗೂಡು ಮಾಡ್ತದೆ” ಎಂದು ರೊಸಾಲಿನ್ ನಕ್ಕರು.

ಮರುದಿನ ಹಾಡು ಶುರುವಾದರೂ ಮಕ್ಕಳ ಸುಳಿವಿಲ್ಲ. ರೊಸಾಲಿನ್ ಹುಡುಕುತ್ತಾ ಹೋದರೆ, ಕುಶಲಕ್ಕನ ಅಂಗಳದಲ್ಲಿ ಎಲ್ಲರೂ ದಾಸವಾಳದ ಗಿಡಗಳೊಳಗೆ ತಲೆ ತೂರಿಸಿ, ಒಂದೊಂದೇ ಎಲೆಯನ್ನು ಮೆಲ್ಲನೆ ಮಗುಚಿ ನೋಡುತ್ತಿದ್ದರು. ಬುಟ್ಟಿಗಳ ತಳ ಕೂಡ ತುಂಬಿರಲಿಲ್ಲ. ಸಮಯಕ್ಕೆ ಮೊದಲೇ ಬಂದು ನಿಲ್ಲುವ ರೊಸಾಲಿನ್ ಟೀಚರ್ ಅಂದು ಯಾರನ್ನೂ ಅವಸರಪಡಿಸಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೂ ಒಂದು ಗಿಡದ ಮುಂದೆ ಬಗ್ಗಿದರು.